ದೂರ ಹಾಯಿಯಾನದ ಜೀವನ ಮತ್ತು ನಾವಿಕರ ಗಂಟುಗಳು

ಹಾಯಿಯ ಬಲವನ್ನೇ ಮುಖ್ಯವಾಗಿ ನೆಚ್ಚಿ, ಸಣ್ಣ ನೌಕೆಗಳಲ್ಲಿ ಒಬ್ಬರಾಗಿಯೋ ಇಬ್ಬರು ಮೂವರು ಸಂಗಡಿಗರೊಡನೆಯೋ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ದಡವನ್ನು ಕಾಣದೆ ಮಹಾಸಾಗರಗಳನ್ನು ದಾಟುವ ಯಾನಕ್ಕೆ ದೂರ ಹಾಯಿಯಾನವೆಂದು ಹೆಸರು. ಸರಕು ಸಾಗಣೆಯ ಭಾರವನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಉಗಿಹಡಗುಗಳು ವಹಿಸಿಕೊಂಡ ತರುವಾಯ ಹಾಯಿಯು ವಾಣಿಜ್ಯದಿಂದ ಮೆಲ್ಲಮೆಲ್ಲನೆ ಹಿಂಜರಿಯಿತಾದರೂ, ಆ ವಿದ್ಯೆ ಮಾತ್ರ ನಶಿಸಲಿಲ್ಲ. ಸಮುದ್ರವನ್ನು ಸಮುದ್ರಕ್ಕಾಗಿಯೇ ಪ್ರೀತಿಸುವ ಒಂದು ಚಿಕ್ಕ ಸಮುದಾಯವು ಅದನ್ನು ಕೈಯಿಂದ ಕೈಗೆ ದಾಟಿಸುತ್ತ ಇಂದಿನವರೆಗೆ ಉಳಿಸಿಕೊಂಡು ಬಂದಿದೆ. ಇಂತಹ ಯಾನದ ವೃತ್ತಾಂತಗಳಲ್ಲಿ ಬಿರುಗಾಳಿಗೂ ಪರ್ವತಾಕಾರದ ಅಲೆಗಳಿಗೂ ದೊರೆಯುವ ಪ್ರಾಧಾನ್ಯವು ಹಗ್ಗಕ್ಕೂ ಗಂಟಿಗೂ ದೊರೆಯುವುದಿಲ್ಲ. ಆದರೆ ಹಾಯಿಯನ್ನು ಏರಿಸುವುದು ಹಗ್ಗ, ಕೂವೆಮರವನ್ನು ನೆಟ್ಟಗೆ ನಿಲ್ಲಿಸುವುದು ಹಗ್ಗ, ಲಂಗರನ್ನು ಹಿಡಿದಿರುವುದು ಹಗ್ಗ, ಕತ್ತಲಲ್ಲಿ ಜಾರುವ ಅಟ್ಟದ ಮೇಲೆ ನಾವಿಕನ ದೇಹವನ್ನು ನೌಕೆಗೆ ಬಂಧಿಸಿರುವುದೂ ಹಗ್ಗವೇ ಆಗಿರಲು, ಆ ಹಗ್ಗದ ತುದಿಯಲ್ಲಿರುವ ಗಂಟು ಸರಿಯಾಗಿ ಬಿದ್ದಿದೆಯೇ ಎಂಬ ಪ್ರಶ್ನೆಯಲ್ಲಿ ಯಾನದ ಕ್ಷೇಮವೆಲ್ಲ ಅಡಗಿದೆಯೆಂದರೆ ಉತ್ಪ್ರೇಕ್ಷೆಯಾಗದು.

ಆಧುನಿಕ ದೂರ ಹಾಯಿಯಾನದ ಚರಿತ್ರೆಯನ್ನು ಸಾಮಾನ್ಯವಾಗಿ ಜೋಶುವಾ ಸ್ಲೋಕಮ್ಮನಿಂದ ಆರಂಭಿಸುವುದು ವಾಡಿಕೆ. ಕೆನಡಾದ ನೋವಾ ಸ್ಕೋಶಿಯದಲ್ಲಿ 1844ರಲ್ಲಿ ಹುಟ್ಟಿ, ಅಮೆರಿಕದ ಪೌರತ್ವವನ್ನು ಪಡೆದು, ದೊಡ್ಡ ಹಾಯಿಹಡಗುಗಳ ಕಪ್ತಾನನಾಗಿ ದುಡಿದ ಈತನು, ಉಗಿಯಂತ್ರದ ಯುಗದಲ್ಲಿ ತನ್ನ ವೃತ್ತಿಗೆ ನೆಲೆಯಿಲ್ಲದಂತಾದಾಗ, ಮ್ಯಾಸಚೂಸೆಟ್ಸಿನ ಫೇರ್‌ಹೇವನ್ ಎಂಬಲ್ಲಿ ಹೊಲದ ನಡುವೆ ಆನಿಸಿಟ್ಟಿದ್ದ ಶಿಥಿಲ ನೌಕೆಯೊಂದನ್ನು ಪಡೆದು, 13 ತಿಂಗಳ ಕಾಲ ತನ್ನ ಕೈಯಿಂದಲೇ ಮರವನ್ನು ಕೆತ್ತಿ, ಹಲಗೆ ಹಲಗೆಯಾಗಿ ಹೊಸದಾಗಿ ಕಟ್ಟಿದನು. ‘ಸ್ಪ್ರೇ’ ಎಂಬ ಆ ನೌಕೆಯ ಉದ್ದ 37 ಅಡಿಗಿಂತ ತುಸು ಕಡಿಮೆ. 1895ರ ಏಪ್ರಿಲ್ 24ರಂದು ಬಾಸ್ಟನ್ ಬಂದರನ್ನು ಬಿಟ್ಟು, ಸುಮಾರು 46,000 ಮೈಲಿ ಸಂಚರಿಸಿ, 1898ರ ಜೂನ್ 27ರಂದು ನ್ಯೂಪೋರ್ಟಿನಲ್ಲಿ ಲಂಗರು ಹಾಕುವ ಹೊತ್ತಿಗೆ, ಏಕಾಂಗಿಯಾಗಿ ಭೂಮಂಡಲವನ್ನು ಹಾಯಿಯಲ್ಲಿ ಸುತ್ತಿದ ಮೊದಲಿಗನೆಂಬ ಕೀರ್ತಿ ಆತನದಾಯಿತು. ಆತನ ಬಳಿ ಇದ್ದ ಗಡಿಯಾರವು ಅಗ್ಗದ ತಗಡಿನದು. ಅದರ ಮುಖ ಒಡೆದಿದ್ದುದರಿಂದ ಅಂಗಡಿಯವನು ಬೆಲೆಯನ್ನು ಇಳಿಸಿ ಒಂದು ಡಾಲರಿಗೆ ಕೊಟ್ಟಿದ್ದನು. ಆಸ್ಟ್ರೇಲಿಯದ ಉತ್ತರಕ್ಕಿರುವ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳವರೆಗಿನ 2,700 ಮೈಲಿಗಳನ್ನು 23 ದಿನಗಳಲ್ಲಿ ಕ್ರಮಿಸಿದಾಗ, ಆತನು ಚುಕ್ಕಾಣಿಯ ಬಳಿ ಕಳೆದ ಕಾಲ ಒಟ್ಟು ಮೂರು ಗಂಟೆಯನ್ನೂ ಮೀರಲಿಲ್ಲ. ಹಾಯಿಗಳ ಹಗ್ಗಗಳನ್ನು ತಕ್ಕಷ್ಟು ಸಡಿಲಿಸಿ, ತಕ್ಕಷ್ಟು ಬಿಗಿದು, ಚುಕ್ಕಾಣಿಯನ್ನು ಕಟ್ಟಿಬಿಟ್ಟರೆ, ಸಮತೋಲವುಳ್ಳ ನೌಕೆಯು ತನ್ನ ದಾರಿಯನ್ನು ತಾನೇ ಹಿಡಿದು ಹೋಗುವುದೆಂಬುದನ್ನು ಲೋಕಕ್ಕೆ ಮನದಟ್ಟು ಮಾಡಿಕೊಟ್ಟವನು ಸ್ಲೋಕಮ್. ಈ ಯಾನದ ಮೇಲೆ ಆತನು ಬರೆದ ಗ್ರಂಥವು 1900ರಲ್ಲಿ ಪ್ರಕಟವಾಯಿತು. 1909ರಲ್ಲಿ ಅದೇ ‘ಸ್ಪ್ರೇ’ಯಲ್ಲಿ ಮತ್ತೆ ಹೊರಟವನು ಹಿಂದಿರುಗಲಿಲ್ಲ.

ಸ್ಲೋಕಮ್ಮನ ತರುವಾಯ ಐರ್ಲೆಂಡಿನ ಕಾನರ್ ಓಬ್ರಿಯನ್ 1923–25ರಲ್ಲಿಯೂ, ಇಂಗ್ಲೆಂಡಿನ ಹಿಸ್ಕಾಕ್ ದಂಪತಿಗಳು 30 ಅಡಿಯ ‘ವಾಂಡರರ್ 3’ರಲ್ಲಿ 1952–55ರಲ್ಲಿಯೂ ಭೂಪ್ರದಕ್ಷಿಣೆಯನ್ನು ಮಾಡಿದರು. 1966ರ ಆಗಸ್ಟಿನಲ್ಲಿ ಪ್ಲಿಮತ್ ಬಂದರಿನಿಂದ ಹೊರಟ ಫ್ರಾನ್ಸಿಸ್ ಚಿಚೆಸ್ಟರ್, ಸಿಡ್ನಿಯಲ್ಲಿ ಮಾತ್ರ ನಿಂತು, ಒಟ್ಟು 226 ದಿನಗಳನ್ನು ಕಡಲಿನಲ್ಲಿ ಕಳೆದು, 1967ರ ಮೇ ತಿಂಗಳಿನಲ್ಲಿ ಮರಳಿದನು. ಎಲ್ಲಿಯೂ ನಿಲ್ಲದೆ ಒಂದೇ ಉಸಿರಿಗೆ ಸುತ್ತುವ ಸಾಹಸವೊಂದು ಉಳಿದಿತ್ತು. ಅದಕ್ಕಾಗಿ 1968ರಲ್ಲಿ ಏರ್ಪಟ್ಟ ‘ಗೋಲ್ಡನ್ ಗ್ಲೋಬ್’ ಸ್ಪರ್ಧೆಯಲ್ಲಿ ಒಂಬತ್ತು ಮಂದಿ ಹೊರಟು, ಯಾನವನ್ನು ಪೂರೈಸಿದವನು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬನೇ. 1968ರ ಜೂನ್ 14ರಂದು ಫಾಲ್ಮತ್ತನ್ನು ಬಿಟ್ಟ ಆತನು 312 ದಿನಗಳ ಬಳಿಕ, 1969ರ ಏಪ್ರಿಲ್ 22ರಂದು, ಅದೇ ಬಂದರನ್ನು ಸೇರಿದನು. ಭಾರತೀಯರಿಗೆ ಅಭಿಮಾನಾಸ್ಪದವಾದ ಸಂಗತಿಯೆಂದರೆ, ಆತನ 32 ಅಡಿಯ ‘ಸುಹೈಲಿ’ ಮುಂಬಯಿಯಲ್ಲಿ ಸಾಗುವಾನಿ ಮರದಿಂದ ನಿರ್ಮಿತವಾದುದು. ಯಾನದ ಆರಂಭದಲ್ಲಿಯೇ ಕುಡಿಯುವ ನೀರಿನ ತೊಟ್ಟಿಗಳು ಕಲುಷಿತವಾಗಿ ಮಳೆನೀರೇ ಗತಿಯಾಯಿತು. ತಳದ ಹಲಗೆಗಳ ಸಂದಿನಿಂದ ನೀರು ಒಸರಿದಾಗ ಆತನು ಕಡಲಿಗಿಳಿದು ಮುಳುಗಿ ಬಿರುಕನ್ನು ಮುಚ್ಚಬೇಕಾಯಿತು. ಸ್ವಯಂಚಾಲಕ ಚುಕ್ಕಾಣಿ ಮುರಿದುಬಿದ್ದ ಮೇಲೆ ಸ್ಲೋಕಮ್ಮನ ಮಾರ್ಗವನ್ನೇ ಹಿಡಿದು, ಹಾಯಿಗಳ ಸಮತೋಲದಿಂದಲೇ ನೌಕೆಯನ್ನು ನಡೆಸಬೇಕಾಯಿತು. ಅದೇ ಸ್ಪರ್ಧೆಯಲ್ಲಿ ಫ್ರಾನ್ಸಿನ ಬೆರ್ನಾರ್ ಮ್ವಾತೆಸ್ಸಿಯೇ ಗೆಲುವಿನ ಸಮೀಪದಲ್ಲಿದ್ದೂ ಯೂರೋಪಿನತ್ತ ತಿರುಗದೆ, ಮತ್ತೊಮ್ಮೆ ಹಿಂದೂ ಮಹಾಸಾಗರವನ್ನು ದಾಟಿ ತಹೀತಿ ದ್ವೀಪಕ್ಕೆ ಹೋಗಿಬಿಟ್ಟನು. ಕಡಲಿನಲ್ಲಿಯೇ ಬದುಕುವುದು ಒಂದು ಪೂರ್ಣ ಜೀವನಕ್ರಮವಾಗಬಲ್ಲದೆಂಬುದಕ್ಕೆ ಇದಕ್ಕಿಂತ ದೃಢವಾದ ಸಾಕ್ಷ್ಯವನ್ನು ಕೊಡುವುದು ಕಷ್ಟ. ಏಕಾಂಗಿಯಾಗಿ ಲೋಕವನ್ನು ಸುತ್ತಿದ ಪ್ರಥಮ ಮಹಿಳೆ ಪೋಲೆಂಡಿನ ಕ್ರಿಸ್ತಿನಾ ಹೊಯ್ನೋಫ್ಸ್ಕಾ-ಲಿಸ್ಕಿಯೆವಿಚ್ (1976–78). ನಿಲ್ಲದೆ ಸುತ್ತಿದ ಪ್ರಥಮ ಮಹಿಳೆ ಆಸ್ಟ್ರೇಲಿಯದ ಕೇ ಕಾಟಿ (1988).

ಭಾರತೀಯರ ಪೈಕಿ ಸೇನೆಯ ಎಂಜಿನಿಯರ್ ದಳದವರು ‘ತೃಷ್ಣಾ’ ಎಂಬ ನೌಕೆಯಲ್ಲಿ 1985–87ರಲ್ಲಿ ಮೊದಲ ಪ್ರದಕ್ಷಿಣೆಯನ್ನು ಮಾಡಿದರು. ನೌಕಾದಳಕ್ಕಾಗಿ ಗೋವೆಯಲ್ಲಿ ಕಟ್ಟಲ್ಪಟ್ಟ ‘ಮ್ಹಾದೆಯಿ’ಯಲ್ಲಿ ದಿಲೀಪ್ ದೊಂದೆ 2009–10ರಲ್ಲಿ ನಾಲ್ಕು ಕಡೆ ತಂಗಿ ಏಕಾಂಗಿಯಾಗಿ ಸುತ್ತಿ ಬಂದರೆ, ಅಭಿಲಾಷ್ ಟೋಮಿ ಅದೇ ನೌಕೆಯಲ್ಲಿ 2012ರ ನವೆಂಬರ್ 1ರಂದು ಮುಂಬಯಿಯನ್ನು ಬಿಟ್ಟು, ಎಲ್ಲಿಯೂ ನಿಲ್ಲದೆ 2013ರ ಮಾರ್ಚ್ 31ರಂದು ಮರಳಿದರು. 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟ ‘ತಾರಿಣಿ’ಯಲ್ಲಿ ವರ್ತಿಕಾ ಜೋಶಿಯವರ ನಾಯಕತ್ವದ ಆರು ಮಂದಿ ಮಹಿಳಾ ಅಧಿಕಾರಿಗಳು 2018ರ ಮೇ ತಿಂಗಳಿನಲ್ಲಿ ಪ್ರದಕ್ಷಿಣೆಯನ್ನು ಮುಗಿಸಿದರು. 2018ರ ಸ್ಪರ್ಧೆಯೊಂದರಲ್ಲಿ ಟೋಮಿಯವರ ನೌಕೆಯ ಕೂವೆಮರ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಮುರಿದು, ಅವರ ಬೆನ್ನೆಲುಬಿಗೆ ತೀವ್ರವಾದ ಪೆಟ್ಟು ಬಿತ್ತು. ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗೊಂದು ಅವರನ್ನು ರಕ್ಷಿಸಿತು. ನಡೆಯುವುದನ್ನೇ ಮರಳಿ ಕಲಿಯಬೇಕಾಗಿದ್ದ ಆ ವ್ಯಕ್ತಿ, ಅದೇ ಸ್ಪರ್ಧೆಯ ಮುಂದಿನ ಆವೃತ್ತಿಯಲ್ಲಿ ಭಾಗವಹಿಸಿ 2023ರಲ್ಲಿ ಎರಡನೆಯ ಸ್ಥಾನವನ್ನು ಗಳಿಸಿದರು.

ಹಾಯಿಯಾತ್ರಿಕನಿಗೆ ದಾರಿಯನ್ನು ನಿರ್ಣಯಿಸುವುದು ಭೂಪಟಕ್ಕಿಂತ ಹೆಚ್ಚಾಗಿ ಋತುಚಕ್ರ. ಅಟ್ಲಾಂಟಿಕನ್ನು ಪಶ್ಚಿಮಕ್ಕೆ ದಾಟುವವರು ಕೆರಿಬಿಯನ್ ಪ್ರದೇಶದ ಚಂಡಮಾರುತಗಳ ಕಾಲ ಮುಗಿಯುವ ತನಕ ಕೆನರಿ ದ್ವೀಪಗಳಲ್ಲಿ ಕಾದಿದ್ದು, ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ ವಾಣಿಜ್ಯಮಾರುತಗಳ ಬೆನ್ನೇರಿ ಹೊರಡುತ್ತಾರೆ; ಸುಮಾರು 2,700 ನಾವಿಕ ಮೈಲಿಗಳ ಆ ದಾರಿ ಸಣ್ಣ ನೌಕೆಗೆ ಮೂರು ವಾರಗಳಷ್ಟು ಹಿಡಿಯುತ್ತದೆ. ದಕ್ಷಿಣದ 40ನೆಯ ಅಕ್ಷಾಂಶದಾಚೆ ಪಡುವಣ ಗಾಳಿಗಳು ಯಾವ ಭೂಖಂಡದ ತಡೆಯೂ ಇಲ್ಲದೆ ಬೀಸುವುದರಿಂದ ಅಲ್ಲಿಯ ಯಾನ ಶೀಘ್ರವಾದುದು, ಅಷ್ಟೇ ಘೋರವಾದುದು. ಅರಬ್ಬೀ ಸಮುದ್ರದಲ್ಲಾದರೋ ಮಾನ್ಸೂನ್ ಮಾರುತಗಳೇ ಪ್ರಭುಗಳು. ಮಂಗಳೂರು, ಬಸರೂರು, ಭಟ್ಕಳ, ಹೊನ್ನಾವರಗಳಿಂದ ಅರಬಸ್ಥಾನಕ್ಕೆ ಹೋಗಿಬರುತ್ತಿದ್ದ ಹಾಯಿಹಡಗುಗಳು ಈಶಾನ್ಯ ಮಾರುತದಲ್ಲಿ ಹೊರಟು ನೈರುತ್ಯ ಮಾರುತವು ಉಗ್ರರೂಪವನ್ನು ತಾಳುವ ಮುನ್ನ ಮರಳಬೇಕಾಗಿತ್ತು. ಜ್ಯೇಷ್ಠ ಆಷಾಢಗಳಲ್ಲಿ ಅಳಿವೆಗಳ ಬಾಯಲ್ಲಿ ಏಳುವ ತೆರೆಗಳ ಮುಂದೆ ಎಂತಹ ಅನುಭವಸ್ಥ ತಂಡೇಲನೂ, ಅಂದರೆ ದೋಣಿಯ ನಾಯಕನೂ, ದೋಣಿಯನ್ನು ದಡಕ್ಕೇರಿಸಿ ತೆಂಗಿನ ಗರಿಯ ಮಾಡಿನ ಕೆಳಗೆ ಇಡುತ್ತಿದ್ದನು.

ಕಡಲ ಮೇಲಿನ ದಿನಚರಿಯು ದಡದಲ್ಲಿರುವವರು ಊಹಿಸುವುದಕ್ಕಿಂತ ಬಹಳ ಭಿನ್ನವಾದುದು. ಅಲ್ಲಿ ಹಗಲು ಇರುಳುಗಳ ಭೇದವು ಶಿಥಿಲವಾಗಿ, ಸರದಿಯೇ ಕಾಲದ ಮಾನವಾಗುತ್ತದೆ. ಹಳೆಯ ಹಡಗುಗಳಲ್ಲಿ ನಾಲ್ಕು ಗಂಟೆ ಕಾವಲು, ನಾಲ್ಕು ಗಂಟೆ ವಿಶ್ರಾಂತಿ ಎಂಬ ಪದ್ಧತಿಯಿದ್ದು, ಸಂಜೆ ನಾಲ್ಕರಿಂದ ಎಂಟರವರೆಗಿನ ಅವಧಿಯನ್ನು ಎರಡೆರಡು ಗಂಟೆಗಳ ಎರಡು ಸರದಿಗಳಾಗಿ ಒಡೆಯುತ್ತಿದ್ದರು. ಇದರಿಂದ ದಿನಕ್ಕೆ ಏಳು ಸರದಿಗಳಾಗಿ, ಅದೇ ತಂಡಕ್ಕೆ ನಿತ್ಯವೂ ನಡುರಾತ್ರಿಯ ಕಾವಲು ಬೀಳುವುದು ತಪ್ಪುತ್ತಿತ್ತು. ಇಬ್ಬರೇ ಇರುವ ನೌಕೆಯಲ್ಲಿ ಮೂರು ಗಂಟೆಗಳ ಸರದಿ ಸಾಮಾನ್ಯ. ಏಕಾಂಗಿಯ ಪಾಡು ಕಠಿನತರವಾದುದು. ಹಡಗುಗಳ ದಾರಿಯ ಸಮೀಪದಲ್ಲಿರುವಾಗ ಆತನು ಇಪ್ಪತ್ತು ನಿಮಿಷಗಳ ತುಣುಕು ನಿದ್ರೆಗಳಿಂದಲೇ ರಾತ್ರಿಯನ್ನು ಕಳೆಯಬೇಕು. ಏಕೆಂದರೆ ದಿಗಂತದಲ್ಲಿ ಮೊದಲು ಕಾಣಿಸಿದ ದೊಡ್ಡ ಹಡಗು ಹತ್ತಿರಕ್ಕೆ ಬರುವುದಕ್ಕೆ ಅಷ್ಟೇ ಹೊತ್ತು ಸಾಕು. ಗಾಳಿಯ ದಿಕ್ಕನ್ನು ಒಂದು ಫಲಕದಿಂದ ಗ್ರಹಿಸಿ ಚುಕ್ಕಾಣಿಯನ್ನು ತಾನೇ ತಿರುಗಿಸುವ ಉಪಕರಣವನ್ನು 1960ರ ಅಟ್ಲಾಂಟಿಕ್ ಏಕಾಂಗಿ ಸ್ಪರ್ಧೆಯಲ್ಲಿ ಹ್ಯಾಸ್ಲರ್ ಮೊದಲಾದವರು ಬಳಸಿ ಸಫಲರಾದ ಮೇಲೆ, ಸಣ್ಣ ನೌಕೆಯ ಯಾತ್ರಿಕನಿಗೆ ನಿದ್ರೆಯೂ ಅಡುಗೆಯೂ ಓದೂ ಸಾಧ್ಯವಾದವು. ಆ ಉಪಕರಣಕ್ಕೆ ವಿದ್ಯುತ್ತಿನ ಅಗತ್ಯವಿಲ್ಲವೆಂಬುದು ಅದರ ಮಹಾಗುಣ.

ಆಹಾರದ ವಿಷಯದಲ್ಲಿ ಇತಿಹಾಸವು ಕಟುವಾದ ಪಾಠವನ್ನು ಕಲಿಸಿದೆ. ತಾಜಾ ಹಣ್ಣು ತರಕಾರಿಗಳಿಲ್ಲದ ದೀರ್ಘಯಾನಗಳಲ್ಲಿ ವಸಡು ಕೊಳೆತು, ಹಳೆಯ ಗಾಯಗಳು ಬಾಯ್ದೆರೆದು ಸಾಯುವ ಸ್ಕರ್ವಿ ರೋಗವು ಯುದ್ಧಗಳಿಗಿಂತ ಹೆಚ್ಚು ನಾವಿಕರನ್ನು ಬಲಿತೆಗೆದುಕೊಂಡಿತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯನು ಹನ್ನೆರಡು ಮಂದಿ ರೋಗಿಗಳನ್ನು ಇಬ್ಬಿಬ್ಬರ ಆರು ಜೋಡಿಗಳಾಗಿ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಪಥ್ಯವನ್ನಿತ್ತು, ಕಿತ್ತಳೆ ನಿಂಬೆಗಳನ್ನು ತಿಂದವರು ಶೀಘ್ರವಾಗಿ ಗುಣಮುಖರಾದುದನ್ನು ಕಂಡನು. ಆದರೂ ಬ್ರಿಟಿಷ್ ನೌಕಾದಳವು ನಿಂಬೆಯ ರಸವನ್ನು ಕಡ್ಡಾಯಗೊಳಿಸಿದುದು 1795ರಲ್ಲಿ. ಇಂದಿನ ಯಾತ್ರಿಕರು ಅಕ್ಕಿ, ಬೇಳೆ, ಈರುಳ್ಳಿ, ಆಲೂಗಡ್ಡೆ, ನಿಂಬೆ, ಡಬ್ಬಿಯ ಪದಾರ್ಥಗಳನ್ನು ಕೊಂಡೊಯ್ಯುತ್ತಾರೆ. ಮೊಟ್ಟೆಗಳಿಗೆ ವ್ಯಾಸಲೀನನ್ನು ಸವರಿ, ಕೆಲವು ದಿನಗಳಿಗೊಮ್ಮೆ ಮಗುಚಿಡುತ್ತ ವಾರಗಟ್ಟಲೆ ಕಾಪಾಡುತ್ತಾರೆ. ಅಡುಗೆಯ ಒಲೆಯನ್ನು ನೌಕೆಯ ಓಲಾಟಕ್ಕೆ ಪ್ರತಿಯಾಗಿ ತೂಗುವಂತೆ ತೂಗುಕೀಲುಗಳ ಮೇಲೆ ನಿಲ್ಲಿಸಿರುವುದರಿಂದ ಪಾತ್ರೆ ಸಮನಾಗಿರುತ್ತದೆ. ಸಿಹಿನೀರು ಕುಡಿಯುವುದಕ್ಕೆ ಮೀಸಲು. ಸ್ನಾನ, ಪಾತ್ರೆ ತೊಳೆಯುವುದು ಮೊದಲಾದವೆಲ್ಲ ಕಡಲ ನೀರಿನಿಂದ. ಉಪ್ಪು ಮೆತ್ತಿದ ಬಟ್ಟೆ ಒಣಗುವುದೇ ಇಲ್ಲ. ಅದರ ಉಜ್ಜುವಿಕೆಯಿಂದ ಏಳುವ ಹುಣ್ಣುಗಳು ಬಿರುಗಾಳಿಗಿಂತ ಹೆಚ್ಚಾಗಿ ಯಾತ್ರಿಕರ ಧೈರ್ಯವನ್ನು ಕುಂದಿಸಿದ ಉದಾಹರಣೆಗಳುಂಟು. ಹಾಯಿಯ ಬುಡದಲ್ಲಿ ಮಳೆಯ ನೀರನ್ನು ಹಿಡಿದು, ಮೊದಲ ಉಪ್ಪುನೀರನ್ನು ಹರಿಯಬಿಟ್ಟು, ಬಳಿಕ ಪಾತ್ರೆಗಳನ್ನು ತುಂಬಿಕೊಳ್ಳುವ ದಿನ ಅಲ್ಲಿ ಹಬ್ಬದ ದಿನವೇ ಸರಿ.

ಗಾಳಿ ಮಿತಿಮೀರಿದಾಗ ಹಾಯಿಯ ವಿಸ್ತಾರವನ್ನು ಮಡಿಸಿ ಕುಗ್ಗಿಸುವುದು ಮೊದಲ ಉಪಾಯ. ಅದೂ ಸಾಲದಾದರೆ ಮುಂದಿನ ಸಣ್ಣ ಹಾಯಿಯನ್ನು ಗಾಳಿಗೆ ಎದುರಾದ ಬದಿಗೆ ಸೆಳೆದು ಕಟ್ಟಿ, ಚುಕ್ಕಾಣಿಯನ್ನು ಅದಕ್ಕೆ ಪ್ರತಿಕೂಲವಾಗಿ ಬಿಗಿದು, ನೌಕೆಯನ್ನು ಬಹುಮಟ್ಟಿಗೆ ನಿಂತಂತೆ ಮಾಡಿ, ಒಳಗೆ ಬಾಗಿಲು ಮುಚ್ಚಿಕೊಂಡು ಕಾಯುವುದುಂಟು. 1979ರ ಫಾಸ್ಟ್‌ನೆಟ್ ಸ್ಪರ್ಧೆಯಲ್ಲಿ 303 ನೌಕೆಗಳ ಮೇಲೆ ಬಂದೆರಗಿದ ಬಿರುಗಾಳಿಗೆ ಹದಿನೈದು ಮಂದಿ ಸ್ಪರ್ಧಾಳುಗಳು ಬಲಿಯಾದ ಬಳಿಕ, ನಾವಿಕನ ಎದೆಪಟ್ಟಿಯನ್ನೂ ಅದನ್ನು ಅಟ್ಟಕ್ಕೆ ಕಟ್ಟುವ ಹಗ್ಗವನ್ನೂ ಕುರಿತ ನಿಯಮಗಳು ಬಿಗಿಯಾದವು. ಫ್ರಾನ್ಸಿನ ಶ್ರೇಷ್ಠ ನಾವಿಕ ಎರಿಕ್ ತಬಾರ್ಲಿ 1998ರ ಜೂನಿನ ಒಂದು ರಾತ್ರಿ ವೇಲ್ಸಿನ ಬಳಿ ತನ್ನ ಪ್ರಿಯವಾದ ಹಳೆಯ ನೌಕೆಯಿಂದ ಕಡಲಿಗೆ ಬಿದ್ದು ತೀರಿಕೊಂಡನು. ಆತನ ದೇಹಕ್ಕೆ ರಕ್ಷಾಹಗ್ಗ ಕಟ್ಟಿರಲಿಲ್ಲ. ಅಷ್ಟು ದೊಡ್ಡ ಅನುಭವವೂ ಒಂದು ಗಂಟಿನ ಸ್ಥಾನವನ್ನು ತುಂಬಲಾರದೆಂಬುದು ಶೋಕದಿಂದ ಹೇಳಬೇಕಾದ ಸತ್ಯ.

ಗಂಟು ಕಡಲಿನಲ್ಲಿ ಬಂಧನಕ್ಕೆ ಮಾತ್ರವಲ್ಲದೆ ಅಳತೆಗೂ ಸಾಧನವಾಗಿತ್ತು. ಹಿಂದೂ ಮಹಾಸಾಗರದ ನಾವಿಕರು ಬಳಸುತ್ತಿದ್ದ ‘ಕಮಾಲ್’ ಎಂಬುದು ಅಂಗೈಯಗಲದ ಚೌಕಾಕಾರದ ಮರದ ಹಲಗೆ. ಅದರ ನಡುವಿನ ತೂತಿನಿಂದ ಒಂದು ದಾರ ಹೊರಟಿದ್ದು, ದಾರದ ಮೇಲೆ ಅಲ್ಲಲ್ಲಿ ಗಂಟುಗಳಿರುತ್ತಿದ್ದವು. ಒಂದು ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರವನ್ನು ಬಿಗಿಯಾಗಿ ಚಾಚಿ, ಹಲಗೆಯ ಕೆಳಗಿನ ಅಂಚನ್ನು ದಿಗಂತಕ್ಕೆ ಹೊಂದಿಸಿದಾಗ ಮೇಲಿನ ಅಂಚು ಧ್ರುವನಕ್ಷತ್ರವನ್ನು ಮುಟ್ಟಿದರೆ, ಆ ಗಂಟು ಯಾವ ಬಂದರಿನದೋ ಆ ಬಂದರಿನ ಅಕ್ಷಾಂಶವನ್ನು ನೌಕೆಯು ತಲುಪಿದೆಯೆಂದು ಅರ್ಥ. ಅಲ್ಲಿಂದ ನೇರವಾಗಿ ಪೂರ್ವಕ್ಕೋ ಪಶ್ಚಿಮಕ್ಕೋ ಸಾಗಿದರೆ ಬಂದರು ಸಿಕ್ಕುವುದು. ಓದುಬರಹವಿಲ್ಲದ ನಾವಿಕನೂ ಕತ್ತಲಲ್ಲಿ ಬೆರಳಿನಿಂದ ಓದಬಹುದಾಗಿದ್ದ ಈ ಕರಾವಳಿಯ ಪಟ್ಟಿಯಷ್ಟು ಸರಳವೂ ಸುಂದರವೂ ಆದ ಉಪಕರಣವನ್ನು ನೌಕಾಶಾಸ್ತ್ರವು ಮತ್ತೆ ಸೃಷ್ಟಿಸಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಯೂರೋಪಿನ ಹಡಗುಗಳಲ್ಲಿ ವೇಗವನ್ನು ಅಳೆಯಲು 47 ಅಡಿ 3 ಅಂಗುಲಗಳಿಗೊಂದರಂತೆ ಗಂಟು ಹಾಕಿದ ಹಗ್ಗವನ್ನು ಮರದ ತುಂಡಿಗೆ ಕಟ್ಟಿ ಹಿಂದಕ್ಕೆಸೆದು, 28 ಸೆಕೆಂಡುಗಳ ಮರಳುಗಡಿಯಾರ ಬರಿದಾಗುವುದರೊಳಗೆ ಎಷ್ಟು ಗಂಟುಗಳು ಕೈಯಿಂದ ಜಾರಿದವೆಂದು ಎಣಿಸುತ್ತಿದ್ದರು. ಆ ಎಣಿಕೆಯೇ ಗಂಟೆಗೆ ಅಷ್ಟು ನಾವಿಕ ಮೈಲಿಗಳ ವೇಗ. ಒಂದು ನಾವಿಕ ಮೈಲಿಯು 1,852 ಮೀಟರಿಗೆ ಸಮ.

ಇನ್ನು ಹಗ್ಗದ ವಿಚಾರ. ನಾರುಗಳನ್ನು ಒಂದು ದಿಕ್ಕಿಗೆ ಹೊಸೆದು ನೂಲನ್ನೂ, ನೂಲುಗಳನ್ನು ವಿರುದ್ಧ ದಿಕ್ಕಿಗೆ ಹೊಸೆದು ಪುರಿಯನ್ನೂ, ಪುರಿಗಳನ್ನು ಮತ್ತೆ ಮೊದಲಿನ ದಿಕ್ಕಿಗೆ ಹೊಸೆದು ಹಗ್ಗವನ್ನೂ ಮಾಡುವುದರಿಂದ, ಬಿಚ್ಚಿಕೊಳ್ಳಲೆಳಸುವ ಒಂದೊಂದು ಹೊಸೆತವೂ ಮತ್ತೊಂದನ್ನು ಬಿಗಿಯುತ್ತ, ಮೊಳದುದ್ದದ ನಾರುಗಳಿಂದ ನೂರಾರು ಮಾರು ಉದ್ದದ ಹಗ್ಗ ಸಿದ್ಧವಾಗುತ್ತದೆ. ಸೆಣಬನ್ನು ಹೋಲುವ ಹೆಂಪ್ ಮತ್ತು ಫಿಲಿಪೈನ್ಸಿನ ಮನಿಲಾ ನಾರು ಪಾಶ್ಚಾತ್ಯ ಹಡಗುಗಳ ಮುಖ್ಯ ಸಾಮಗ್ರಿಗಳಾಗಿದ್ದರೆ, ನಮ್ಮ ಕಡಲಿನಲ್ಲಿ ತೆಂಗಿನ ನಾರಿನ ಹುರಿಹಗ್ಗವೇ ಸರ್ವಸ್ವ. ಅದು ಉಪ್ಪುನೀರಿಗೆ ಕೊಳೆಯದು, ನೀರಿನ ಮೇಲೆ ತೇಲುವುದು, ಎಳೆತಕ್ಕೆ ಹಿಗ್ಗಿ ಅಲೆಯ ಹೊಡೆತವನ್ನು ನುಂಗಿಕೊಳ್ಳುವುದು. ಲಕ್ಷದ್ವೀಪಗಳ ಪೈಕಿ ಅಮಿನಿದಿವಿ ಸಮೂಹವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದು, ಅಲ್ಲಿಯ ಹುರಿಯನ್ನು ಹೊತ್ತ ಹಾಯಿಹಡಗುಗಳು ಮಂಗಳೂರಿನ ಬಂದರಿಗೆ ಬಂದು, ಅಕ್ಕಿಯನ್ನು ಕೊಂಡೊಯ್ಯುತ್ತಿದ್ದವು. 20ನೆಯ ಶತಮಾನದ ಮಧ್ಯಭಾಗದಿಂದ ಕೃತಕ ನಾರುಗಳು ಇವೆಲ್ಲವುಗಳ ಸ್ಥಾನವನ್ನು ಆಕ್ರಮಿಸಿವೆ: ಚೆನ್ನಾಗಿ ಹಿಗ್ಗುವ ನೈಲಾನ್ ಲಂಗರಿಗೆ, ಹಿಗ್ಗದ ಪಾಲಿಯೆಸ್ಟರ್ ಹಾಯಿಗಳಿಗೆ, ತೇಲುವ ಪಾಲಿಪ್ರೊಪಿಲೀನ್ ರಕ್ಷಣೆಯ ಹಗ್ಗಕ್ಕೆ ಉಚಿತವಾದವು. ಉಕ್ಕಿನಷ್ಟು ಬಲವುಳ್ಳ ಡೈನೀಮಾ ಮೊದಲಾದ ಹೊಸ ಹಗ್ಗಗಳು ಅತಿನುಣುಪಾದುದರಿಂದ ಹಳೆಯ ಗಂಟುಗಳು ಅವುಗಳಲ್ಲಿ ಜಾರುತ್ತವೆ. ಅಲ್ಲಿ ಹೆಣೆದು ಜೋಡಿಸುವುದೇ ಸುರಕ್ಷಿತ.

ಯಾವ ಗಂಟಿಗೂ ಆಧಾರ ಘರ್ಷಣೆ. ಎಳೆತ ಹೆಚ್ಚಿದಷ್ಟೂ ಹಗ್ಗದ ಸುತ್ತುಗಳು ಒಂದನ್ನೊಂದು ಒತ್ತಿ ಹಿಡಿಯುವಂತೆ ಗಂಟಿನ ರಚನೆಯಿರಬೇಕು. ಆದರೆ ನಾವಿಕನ ಗಂಟಿಗೆ ಮತ್ತೊಂದು ಲಕ್ಷಣವೂ ಅತ್ಯಾವಶ್ಯಕ: ಒದ್ದೆಯಾಗಿ, ದಿನಗಟ್ಟಲೆ ಬಿಗಿದು ನಿಂತ ಮೇಲೂ, ಚಳಿಗೆ ಮರಗಟ್ಟಿದ ಬೆರಳುಗಳಿಂದ ಅದು ಬಿಚ್ಚಬರಬೇಕು. ಬಿಚ್ಚಲಾಗದ ಕಗ್ಗಂಟು ಚಾಕುವಿಗೆ ಆಹುತಿಯಾಗುತ್ತದೆ, ನಡುಗಡಲಿನಲ್ಲಿ ಕತ್ತರಿಸಿದ ಹಗ್ಗಕ್ಕೆ ಬದಲು ಹಗ್ಗವಿಲ್ಲ. ಹೀಗೆ ಹಿಡಿಯುವ ಗುಣಕ್ಕೂ ಬಿಡುವ ಗುಣಕ್ಕೂ ಸಮನಾದ ಬೆಲೆಯನ್ನು ಕಟ್ಟುವುದರಲ್ಲಿಯೇ ನಾವಿಕರ ಗಂಟುವಿದ್ಯೆಯು ಇತರರ ವಿದ್ಯೆಗಿಂತ ಶ್ರೇಷ್ಠವಾಗಿದೆ.

ಈ ದೃಷ್ಟಿಯಿಂದ ಗಂಟುಗಳ ರಾಜನೆನಿಸಿಕೊಳ್ಳಲು ಅರ್ಹವಾದುದು ಬೌಲೈನ್. ಜಾರದ, ಬಿಗಿಯದ, ಅಳತೆ ಬದಲಾಗದ ಕುಣಿಕೆಯನ್ನು ಇದು ಕೊಡುತ್ತದೆ. ಹಗ್ಗದ ಉದ್ದಭಾಗದಲ್ಲಿ, ತುದಿಯ ಕಡೆಯ ಎಳೆಯು ಮೇಲೆ ಬರುವಂತೆ ಚಿಕ್ಕದೊಂದು ಉಂಗುರವನ್ನು ಮಾಡಿ, ತುದಿಯನ್ನು ಆ ಉಂಗುರದೊಳಗೆ ಕೆಳಗಿನಿಂದ ಮೇಲಕ್ಕೆ ತಂದು, ಉದ್ದಭಾಗದ ಹಿಂದುಗಡೆಯಿಂದ ಬಳಸಿ, ಬಂದ ದಾರಿಯಲ್ಲಿಯೇ ಮತ್ತೆ ಉಂಗುರದೊಳಕ್ಕೆ ಇಳಿಸಿ ಬಿಗಿದರೆ ಗಂಟು ಸಿದ್ಧ. ಕಡಲಿಗೆ ಬಿದ್ದವನ ಕಂಕುಳಿನ ಕೆಳಗೆ ಸುತ್ತಿ ಎತ್ತಲು, ಹಾಯಿಯ ಮೂಲೆಗೆ ಹಗ್ಗವನ್ನು ಸಿಕ್ಕಿಸಲು, ಬಂದರಿನ ಗೂಟಕ್ಕೆ ಹಾಕಲು ಇದೇ ಸಾಧನ. ಬಿಚ್ಚುವಾಗ ಉದ್ದಭಾಗವನ್ನು ಬಳಸಿರುವ ಬಾಗನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಮಡಿಸಿದರೆ ಸಾಕು, ಇಡೀ ಗಂಟು ಸಡಿಲುತ್ತದೆ. ದೋಷವೇ ಇಲ್ಲವೆನ್ನುವಂತಿಲ್ಲ: ಎಳೆತವಿರುವಾಗ ಅದನ್ನು ಬಿಚ್ಚಲಾಗದು; ಬಿರುಸಾದ ಅಥವಾ ನುಣುಪಾದ ಹಗ್ಗದಲ್ಲಿ, ಎಳೆತವಿಲ್ಲದೆ ಅಲುಗಾಡುತ್ತಿದ್ದರೆ, ತಾನಾಗಿಯೇ ಸಡಿಲಬಹುದು. ಆದಕಾರಣ ತುದಿಯನ್ನು ಧಾರಾಳವಾಗಿ ಉದ್ದ ಬಿಡಬೇಕು.

ಬೌಲೈನಿನ ರಚನೆಯೇ ಎರಡು ಹಗ್ಗಗಳನ್ನು ಕೂಡಿಸುವುದಕ್ಕೆ ಬಳಕೆಯಾದಾಗ ಶೀಟ್ ಬೆಂಡ್ ಆಗುತ್ತದೆ. ದಪ್ಪ ಹಗ್ಗದ ತುದಿಯನ್ನು ಮಡಿಸಿ, ತೆಳುಹಗ್ಗವನ್ನು ಆ ಮಡಿಕೆಯೊಳಗಿಂದ ಮೇಲೆತ್ತಿ, ಮಡಿಕೆಯ ಎರಡೂ ಎಳೆಗಳನ್ನು ಹಿಂದಿನಿಂದ ಬಳಸಿ, ತನ್ನದೇ ಎಳೆಯ ಕೆಳಗೆ ತೂರಿಸುವುದು ಇದರ ಕ್ರಮ. ಮಗ್ಗದ ಮೇಲೆ ಕಡಿದ ನೂಲನ್ನು ಕೂಡಿಸುವ ನೇಕಾರನ ಗಂಟೂ ಬಲೆಯ ಕಣ್ಣುಗಳನ್ನು ಹೆಣೆಯುವ ಬೆಸ್ತನ ಗಂಟೂ ಮೂಲತಃ ಇದೇ ಆಗಿವೆ. ಬಲೆ ಕಟ್ಟುವ ಉಳ್ಳಾಲ ಮಲ್ಪೆಗಳ ಮೊಗವೀರರ ಕೈಯೂ ನೂಲು ಕೂಡಿಸುವ ಇಳಕಲ್ಲಿನ ನೇಕಾರರ ಕೈಯೂ ಅರಿವಿಲ್ಲದೆಯೇ ಒಂದು ವಿದ್ಯೆಯಲ್ಲಿ ಸಹಪಾಠಿಗಳಾಗಿರುವುದು ಮನಸ್ಸಿಗೆ ಹಿತವನ್ನುಂಟುಮಾಡುವ ಸಂಗತಿ. ಇದಕ್ಕೆ ಪ್ರತಿಯಾಗಿ, ಎಲ್ಲರೂ ಬಲ್ಲ ರೀಫ್ ನಾಟ್ ಎರಡು ಹಗ್ಗಗಳನ್ನು ಕೂಡಿಸಲು ಸರ್ವಥಾ ಯೋಗ್ಯವಲ್ಲ. ಒಂದು ತುದಿಯನ್ನು ಪಕ್ಕಕ್ಕೆ ಜಗ್ಗಿದರೆ ಅದು ಮಗುಚಿ ಕಳಚಿಬೀಳುತ್ತದೆ. ಮಡಿಸಿದ ಹಾಯಿಯನ್ನು ಕಟ್ಟಲು ಅದನ್ನು ಬಳಸುವುದಾದರೂ ಹೀಗೆ ಸುಲಭವಾಗಿ ಕಳಚಲೆಂದೇ. ಗಾಯದ ಪಟ್ಟಿ ಕಟ್ಟಲು ಪ್ರಾಚೀನ ಗ್ರೀಕರೂ ರೋಮನರೂ ಇದನ್ನು ಮೆಚ್ಚಿದ್ದರು. ಇದರಿಂದ ಕಟ್ಟಿದ ಗಾಯ ಬೇಗ ಮಾಯುವುದೆಂಬ ನಂಬಿಕೆಯನ್ನು ಪ್ಲಿನಿ ದಾಖಲಿಸಿದ್ದಾನೆ. ಆದರೆ ಹಗ್ಗ ಕೂಡಿಸಲು ದುರುಪಯೋಗವಾದುದರಿಂದ ಉಳಿದೆಲ್ಲ ಗಂಟುಗಳಿಗಿಂತ ಹೆಚ್ಚು ಸಾವುಗಳಿಗೆ ಇದೇ ಕಾರಣವಾಯಿತೆಂದು ಗಂಟುಗಳ ಮಹಾಪಂಡಿತನಾದ ಆಶ್ಲಿ ಎಚ್ಚರಿಸಿದನು.

ಗೂಟಕ್ಕೋ ಕಂಬಿಗೋ ಕ್ಷಣಕಾಲ ಕಟ್ಟಲು ಕ್ಲೋವ್ ಹಿಚ್ ಸಾಕು. ಕಂಬ ತಿರುಗಿದರೆ ಮಾತ್ರ ಅದು ಜಾರುವುದು. ದೋಣಿಯನ್ನು ರಾತ್ರಿಯಿಡೀ ಬಿಡುವುದಾದರೆ ಒಂದು ಪೂರ್ಣ ಸುತ್ತು ಮತ್ತು ಎರಡು ಅರೆಗಂಟುಗಳೇ ನಂಬತಕ್ಕವು. ಪೂರ್ಣ ಸುತ್ತು ಎಳೆತವನ್ನೆಲ್ಲ ತಾನು ಹೊತ್ತುಕೊಳ್ಳುವುದರಿಂದ, ದೋಣಿ ಜಗ್ಗುತ್ತಿರುವಾಗಲೂ ಇದನ್ನು ಕಟ್ಟಬಹುದು, ಬಿಚ್ಚಬಹುದು. ಲಂಗರಿನ ಬಳೆಗೆ ಕಟ್ಟುವಾಗ ಮೊದಲ ಅರೆಗಂಟನ್ನು ಆ ಸುತ್ತಿನೊಳಗೇ ತೂರಿಸಿದರೆ ಅದು ಇನ್ನೂ ಭದ್ರ. ಹಾಯಿಹಗ್ಗದ ತುದಿ ರಾಟೆಯಿಂದ ನುಸುಳಿಹೋಗದಂತೆ ಎಂಟರ ಆಕಾರದ ತಡೆಗಂಟನ್ನು ಹಾಕುತ್ತಾರೆ. ಹೊಸಬರು ಕಲಿಯಲು ಮರೆಯುವ, ಅನುಭವಿಗಳು ಬಿಟ್ಟಿರಲಾರದ ಗಂಟೊಂದುಂಟು. ಅದು ರೋಲಿಂಗ್ ಹಿಚ್. ಹಗ್ಗವನ್ನು ಸುತ್ತಿ ಬಿಗಿಯುವ ಉರುಳೆಯ ಮೇಲೆ ಸುತ್ತುಗಳು ಒಂದರ ಮೇಲೊಂದು ಹತ್ತಿ ಬಿಗಿದ ಹಗ್ಗವು ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ನಿಂತಾಗ, ಮತ್ತೊಂದು ಹಗ್ಗವನ್ನು ಎಳೆತವಿರುವ ಕಡೆಯಿಂದ ಎರಡು ಬಾರಿ ಓರೆಯಾಗಿ ಸುತ್ತಿ, ಮೂರನೆಯ ಸುತ್ತನ್ನು ಆಚೆಗೆ ಹಾಕಿ ಸಿಕ್ಕಿಸಿದರೆ, ಅದು ಉದ್ದಕ್ಕೆ ಜಾರದೆ ಹಿಡಿದು ಭಾರವನ್ನು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಸಿಕ್ಕಿದ ಸುತ್ತುಗಳನ್ನು ಬಿಡಿಸಬಹುದು.

ಬೌಲೈನಿನಂತಹ ಉತ್ತಮವಾದ ಗಂಟು ಕೂಡ, ಹಗ್ಗವನ್ನು ತೀಕ್ಷ್ಣವಾಗಿ ಬಾಗಿಸುವುದರಿಂದ, ಅದರ ಬಲವನ್ನು ಸುಮಾರು ಮೂರನೆಯ ಒಂದು ಪಾಲಿನಷ್ಟು ಕುಗ್ಗಿಸುತ್ತದೆ. ಆದುದರಿಂದ ಶಾಶ್ವತವಾದ ಕಟ್ಟುಗಳಿಗೆ ಹಗ್ಗದ ಪುರಿಗಳನ್ನು ಬಿಡಿಸಿ, ಹಗ್ಗದ ಮೈಯೊಳಗೇ ಒಂದು ಬಿಟ್ಟು ಒಂದರಂತೆ ಹೆಣೆಯುವ ಪದ್ಧತಿಯನ್ನು ಅನುಸರಿಸುತ್ತಾರೆ. ನಾರಿನ ಹಗ್ಗಕ್ಕೆ ಮೂರು ಹೆಣಿಗೆಗಳು ಸಾಕಾದರೆ, ಜಾರುವ ಕೃತಕ ಹಗ್ಗಕ್ಕೆ ಐದಾದರೂ ಬೇಕು. ದೂರಯಾನದಲ್ಲಿ ಹಗ್ಗದ ಪರಮಶತ್ರು ಉಜ್ಜುವಿಕೆ. ದಿನವೊಂದಕ್ಕೆ ಸಾವಿರಾರು ಬಾರಿ ಅದೇ ಜಾಗದಲ್ಲಿ ಅದೇ ಅಂಚಿಗೆ ತಿಕ್ಕುವ ಹಗ್ಗವು, ಬಿರುಗಾಳಿಯಿಲ್ಲದ ಸೌಮ್ಯವಾದ ದಿನಗಳಲ್ಲಿಯೇ, ಯಾರ ಗಮನಕ್ಕೂ ಬಾರದೆ ಸವೆದುಹೋಗುತ್ತದೆ. ಅದನ್ನು ತಡೆಯಲು ನಾವಿಕನು ಎರಡು ದಿನಗಳಿಗೊಮ್ಮೆ ಹಗ್ಗವನ್ನು ಗೇಣಷ್ಟು ಎಳೆದೋ ಸಡಿಲಿಸಿಯೋ ತಿಕ್ಕುವ ಸ್ಥಾನವನ್ನು ಬದಲಿಸುತ್ತಾನೆ, ಅಂಚಿಗೆ ತೊಗಲನ್ನು ಸುತ್ತುತ್ತಾನೆ, ಬೆಳಗೊಮ್ಮೆ ಸಂಜೆಗೊಮ್ಮೆ ಅಟ್ಟದ ಮೇಲೆ ತೆವಳಿಕೊಂಡು ಹೋಗಿ ಒಂದೊಂದು ಗಂಟನ್ನೂ ಕೈಯಿಂದ ಮುಟ್ಟಿ ನೋಡುತ್ತಾನೆ. ಸಮುದ್ರಯಾನದ ಸಾಹಸವೆಂದು ನಾವು ಕೊಂಡಾಡುವುದರಲ್ಲಿ ಬಹುಪಾಲು ಈ ಬೇಸರವಿಲ್ಲದ ಪರಾಮರ್ಶೆಯೇ ಆಗಿದೆ.

ಹಗ್ಗದಿಂದಲೇ ಹಡಗನ್ನು ಕಟ್ಟುವ ಪರಂಪರೆಯೂ ನಮ್ಮ ಸಮುದ್ರಕ್ಕೆ ವಿಶಿಷ್ಟವಾದುದು. ಕಬ್ಬಿಣದ ಮೊಳೆಗಳಿಲ್ಲದೆ, ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ಹುರಿಯಿಂದ ಹೊಲಿದ ನೌಕೆಗಳು ಪಶ್ಚಿಮ ಕರಾವಳಿಗೂ ಅರಬಸ್ಥಾನಕ್ಕೂ ನಡುವೆ ಶತಮಾನಗಳ ಕಾಲ ಸಂಚರಿಸಿದವು. ದಡದ ಮರಳಿಗೆ ಬಡಿದಾಗ ಅವು ಬಿರಿಯದೆ ಬಳುಕುತ್ತಿದ್ದವು. ಟಿಮ್ ಸೆವೆರಿನ್ 1980–81ರಲ್ಲಿ ಓಮಾನಿನಿಂದ ಚೀನಾದ ಕ್ಯಾಂಟನ್ನಿಗೆ ಕೊಂಡೊಯ್ದ ‘ಸೊಹಾರ್’ ಇಂತಹ ಹೊಲಿದ ಹಡಗು. ಅದರ ಮರವು ಮಲಬಾರಿನದು. ಅಜಂತೆಯ ಚಿತ್ರವೊಂದನ್ನು ಆಧರಿಸಿ ಕೇರಳದ ನೌಕಾಶಿಲ್ಪಿಗಳ ಕೈಯಿಂದ ಹೊಲಿಯಲ್ಪಟ್ಟ ‘ಕೌಂಡಿನ್ಯ’ ಎಂಬ ನೌಕೆಯನ್ನು ಭಾರತೀಯ ನೌಕಾದಳವು 2025ರ ಮೇ 21ರಂದು ಕಾರವಾರದ ನೆಲೆಯಲ್ಲಿ ಸೇರ್ಪಡೆಗೊಳಿಸಿತು. ಅದರ ಹಾಯಿಯ ಮೇಲೆ ಗಂಡಭೇರುಂಡದ ಲಾಂಛನವಿದೆ.

ಗಂಟುಗಳ ಶಾಸ್ತ್ರಕ್ಕೆ ಆಧಾರಗ್ರಂಥವೆಂದರೆ, ತಿಮಿಂಗಿಲ ಬೇಟೆಯ ಹಡಗುಗಳ ಬಂದರಾಗಿದ್ದ ನ್ಯೂ ಬೆಡ್‌ಫರ್ಡಿನ ಚಿತ್ರಕಾರ ಕ್ಲಿಫರ್ಡ್ ಆಶ್ಲಿ ಹನ್ನೊಂದು ವರ್ಷ ಶ್ರಮಿಸಿ 1944ರಲ್ಲಿ ಪ್ರಕಟಿಸಿದ ಬೃಹತ್ಕೋಶ. ಸುಮಾರು 3,900 ಗಂಟುಗಳನ್ನು ತಾನೇ ಬರೆದ ಚಿತ್ರಗಳೊಡನೆ ಆತನು ಅದರಲ್ಲಿ ವಿವರಿಸಿದನು. ಈ ವಿದ್ಯೆಯ ಅಭ್ಯಾಸಿಗಳ ಅಂತರರಾಷ್ಟ್ರೀಯ ಸಂಘವೊಂದು 1982ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾಯಿತು. ನಮ್ಮಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಗಳಲ್ಲಿ ಕಲಿತ ಮಕ್ಕಳು ಇವುಗಳಲ್ಲಿ ಹಲವನ್ನು ಬಲ್ಲರು. ಹೊಸದಾಗಿ ಕಲಿಯಬಯಸುವ ವಾಚಕರು ಕಿರುಬೆರಳಿನಷ್ಟು ದಪ್ಪದ, ಎರಡು ಮಾರು ಉದ್ದದ ಮೆತ್ತನೆಯ ಹಗ್ಗವೊಂದನ್ನು ತೆಗೆದುಕೊಂಡು, ಮೊದಲು ಬೌಲೈನನ್ನೂ, ಬಳಿಕ ಪೂರ್ಣ ಸುತ್ತು ಮತ್ತು ಎರಡು ಅರೆಗಂಟುಗಳನ್ನೂ, ಶೀಟ್ ಬೆಂಡನ್ನೂ, ಎಂಟರ ಗಂಟನ್ನೂ, ಕಡೆಗೆ ರೋಲಿಂಗ್ ಹಿಚ್ಚನ್ನೂ ಈ ಕ್ರಮದಲ್ಲಿ ಅಭ್ಯಾಸ ಮಾಡತಕ್ಕದ್ದು. ಕಣ್ಣು ಮುಚ್ಚಿಕೊಂಡು ಕಟ್ಟಲೂ ಬಿಚ್ಚಲೂ ಬರುವವರೆಗೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಕೂಡದು.